ಬಣ್ಣಕ್ಕೆ ಮುಂಚಿನ ಉಜ್ಜಾಟ

ಹಳೆಯ ಕಾರಿಗೆ ಹೊಡೆಸಿದ ಹೊಸ ಬಣ್ಣದ ಬಾಳಿಕೆ ಬಹುಪಾಲು ನಿರ್ಧಾರವಾಗುವುದು ಅದಕ್ಕೂ ಮುಂಚೆ ನಡೆಯುವ ಉಜ್ಜುವ ಕೆಲಸದಲ್ಲಿ. ಮೊದಲು ಸೋಪುನೀರಿನಲ್ಲಿ ತೊಳೆದು, ಪಾಲಿಶ್, ಗ್ರೀಸುಗಳ ಜಿಡ್ಡನ್ನು ಪೂರ್ತಿ ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಉಜ್ಜುವಾಗ ಜಿಡ್ಡು ಗೀರುಗಳೊಳಗೆ ಸೇರಿಕೊಂಡು, ಹೊಸ ಬಣ್ಣದಲ್ಲಿ ಸಣ್ಣ ಕುಳಿಗಳು ಬೀಳುತ್ತವೆ.

ಗಟ್ಟಿಯಾಗಿ ಹಿಡಿದುಕೊಂಡಿರುವ ಹಳೆಯ ಬಣ್ಣವನ್ನು ಕೆರೆದು ತೆಗೆಯಬೇಕಿಲ್ಲ; ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ತುಕ್ಕು ಹಿಡಿದ, ಗುಳ್ಳೆ ಎದ್ದ ಕಡೆ ಮಾತ್ರ 80ನೇ ನಂಬರಿನ ಒರಟು ಕಾಗದದಿಂದ ತಗಡು ಕಾಣುವವರೆಗೆ ಉಜ್ಜಲೇಬೇಕು.

ನಾಜೂಕಿನ ಕೆಲಸವಿರುವುದು ಬಣ್ಣವೂ ತಗಡೂ ಸೇರುವ ಅಂಚಿನಲ್ಲಿ. ಅಲ್ಲಿ 180, ಆಮೇಲೆ 320ರ ಕಾಗದ ಹಿಡಿದು ಅಂಚನ್ನು ಇಳಿಜಾರಾಗಿಸುತ್ತಾರೆ. ಇದಕ್ಕೆ ಕಣ್ಣಿಗಿಂತ ಅಂಗೈಯೇ ನಂಬಿಗಸ್ತ: ಮೆಲ್ಲಗೆ ಸವರಿದಾಗ ಮೆಟ್ಟಿಲು ತಗುಲಿದರೆ ಇನ್ನೂ ಉಜ್ಜಬೇಕು.

ಬೆತ್ತಲಾದ ತಗಡಿಗೆ ತಡಮಾಡದೆ ಪ್ರೈಮರ್ ಬೀಳಬೇಕು. ತಗ್ಗು ತುಂಬಿದ ಪುಟ್ಟಿ ತೇವ ಹೀರುವುದರಿಂದ ಅದನ್ನು ಒಣದಾಗಿಯೇ ಉಜ್ಜುವುದು ಒಳ್ಳೆಯದು. ಕೊನೆಯ ಪ್ರೈಮರನ್ನು ರಬ್ಬರ್ ಬ್ಲಾಕಿಗೆ ಸುತ್ತಿದ 400ರಿಂದ 600ರ ವಾಟರ್ ಪೇಪರಿನಿಂದ, ನೀರು ಹಾಕುತ್ತ ನಯಗೊಳಿಸುತ್ತಾರೆ. ಬರಿ ಬೆರಳಿನಿಂದ ಒತ್ತಿದರೆ ಕಾಲುವೆ ಬೀಳುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಆದ್ದರಿಂದ ಉಜ್ಜುವವರಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಬೇಕೇ ಬೇಕು.