ಮೂತ್ರನಾಳಕ್ಕೆ ಆಸರೆಯಾಗುವ ಸ್ಟೆಂಟ್

‘ಸ್ಟೆಂಟ್’ ಎಂದೊಡನೆ ಹೃದಯದ ರಕ್ತನಾಳ ನೆನಪಾಗುವುದು ಸಹಜ. ಆದರೆ ಇದೇ ಹೆಸರಿನ ಇನ್ನೊಂದು ಸಾಧನ ಹೊಟ್ಟೆಯೊಳಗೆ, ಮೂತ್ರನಾಳದಲ್ಲಿ ಕೆಲಸ ಮಾಡುತ್ತದೆ. ವಯಸ್ಸಾದ ಅನೇಕ ರೋಗಿಗಳ ಮೂತ್ರಪಿಂಡವನ್ನು ಉಳಿಸುವ ಸಾಧನವಿದು. ಇದು ಹೇಗೆ ಕೆಲಸ ಮಾಡುತ್ತದೆ? ಇದನ್ನು ಅಳವಡಿಸಿದ ಮೇಲೆ ಮನೆಯವರ ಹೊಣೆ ಏನು?

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗುತ್ತದೆ. ಅದನ್ನು ಮೂತ್ರಕೋಶಕ್ಕೆ ಒಯ್ಯುವ ದಾರಿಯೇ ಮೂತ್ರನಾಳ. ಬಲಕ್ಕೊಂದು, ಎಡಕ್ಕೊಂದು. ಉದ್ದ 25ರಿಂದ 30 ಸೆಂಟಿಮೀಟರ್. ಅಗಲ ಕೇವಲ 3-4 ಮಿಲಿಮೀಟರ್. ಅನ್ನನಾಳವು ತುತ್ತನ್ನು ತಳ್ಳುವಂತೆಯೇ ಇದರ ಸ್ನಾಯುಗಳೂ ಅಲೆಅಲೆಯಾಗಿ ಸಂಕುಚಿಸಿ ಮೂತ್ರವನ್ನು ಕೆಳಕ್ಕೆ ತಳ್ಳುತ್ತವೆ.

ಇಷ್ಟು ಕಿರಿದಾದ ದಾರಿ ಹಲವು ಕಾರಣಗಳಿಂದ ಕಟ್ಟಿಕೊಳ್ಳಬಹುದು. ಒಳಗೆ ಕಲ್ಲು ಸಿಕ್ಕಿಕೊಳ್ಳಬಹುದು. ಹಳೆಯ ಗಾಯದಿಂದ ನಾಳ ಕಿರಿದಾಗಬಹುದು. ಗರ್ಭಕೊರಳು, ಪ್ರಾಸ್ಟೇಟ್ ಗ್ರಂಥಿ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ಹೊರಗಿನಿಂದ ಒತ್ತಬಹುದು. ಆಗ ಮೂತ್ರ ಹಿಂದಕ್ಕೆ ಒತ್ತುವುದರಿಂದ ಮೂತ್ರಪಿಂಡ ಊದಿಕೊಳ್ಳುತ್ತದೆ. ಈ ಒತ್ತಡ ವಾರಗಟ್ಟಲೆ ಮುಂದುವರಿದರೆ ಸೋಸುವ ಶಕ್ತಿ ಶಾಶ್ವತವಾಗಿ ಕುಂದಬಹುದು.

ಕಲ್ಲು ಥಟ್ಟನೆ ಅಡ್ಡಬಂದರೆ ತೀವ್ರ ನೋವು ಬರುತ್ತದೆ. ಗಡ್ಡೆ ನಿಧಾನವಾಗಿ ಒತ್ತಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ಸುಸ್ತು, ಊಟ ಸೇರದಿರುವುದು, ಕಾಲಿನ ಊತ, ಮಂಕು ಇಷ್ಟೇ ಕಾಣಬಹುದು. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುವ ಅಪಾಯವಿರುವುದು ಇಲ್ಲಿಯೇ. ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಹಾಗೂ ಅಲ್ಟ್ರಾಸೌಂಡ್‌ನಿಂದ ನಿಜಸ್ಥಿತಿ ತಿಳಿಯುತ್ತದೆ.

ಹೃದ್ರೋಗ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಕಷ್ಟ. ಸ್ಟೆಂಟ್ ಅಳವಡಿಸಲು ಹೊಟ್ಟೆ ಕೊಯ್ಯಬೇಕಿಲ್ಲ. ವೈದ್ಯರು ಮೂತ್ರ ಹೊರಬರುವ ದಾರಿಯಿಂದಲೇ ತೆಳುವಾದ ದರ್ಶಕ ನಳಿಕೆಯನ್ನು ಮೂತ್ರಕೋಶಕ್ಕೆ ತೂರಿಸಿ, ಅಲ್ಲಿಂದ ಮೂತ್ರನಾಳದೊಳಕ್ಕೆ ನವಿರಾದ ತಂತಿಯೊಂದನ್ನು ಏರಿಸುತ್ತಾರೆ. ಕ್ಷ-ಕಿರಣದ ಪರದೆಯಲ್ಲಿ ನೋಡುತ್ತಾ, ಆ ತಂತಿಯ ಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ ಮೃದುವಾದ ಪ್ಲಾಸ್ಟಿಕ್ ಕೊಳವೆಯನ್ನು ಜಾರಿಸುತ್ತಾರೆ. ತಂತಿಯನ್ನು ಎಳೆದುಕೊಂಡಾಗ ಕೊಳವೆಯ ಎರಡೂ ತುದಿಗಳು ತಮ್ಮ ಮೂಲ ಆಕಾರಕ್ಕೆ ಮರಳಿ ಸುರುಳಿಯಾಗುತ್ತವೆ. ಒಂದು ಸುರುಳಿ ಮೂತ್ರಪಿಂಡದಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ನಿಲ್ಲುವುದರಿಂದ ಕೊಳವೆ ಜಾರುವುದಿಲ್ಲ. ಮೂತ್ರವು ಕೊಳವೆಯ ಒಳಗೂ ಅದರ ಸುತ್ತಲೂ ಹರಿಯುತ್ತದೆ. ಕೆಳಗಿನಿಂದ ದಾರಿ ಸಿಗದಿದ್ದರೆ, ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ನೇರವಾಗಿ ಕೊಳವೆ ಹಾಕಿ ಮೂತ್ರವನ್ನು ಹೊರಗಿನ ಚೀಲಕ್ಕೆ ಹರಿಸುತ್ತಾರೆ.

1967ರಲ್ಲಿ ಅಮೆರಿಕದ ಜಿಮ್ಸ್‌ಕೈಂಡ್ ಮತ್ತು ಸಂಗಡಿಗರು ನೇರವಾದ ಸಿಲಿಕೋನ್ ಕೊಳವೆಗಳನ್ನು ಹೀಗೆ ಒಳಗಿಟ್ಟ ಅನುಭವವನ್ನು ಪ್ರಕಟಿಸಿದರು. ಆದರೆ ಅವು ಸ್ಥಳ ಬಿಟ್ಟು ಜಾರುತ್ತಿದ್ದವು. 1978ರಲ್ಲಿ ಫಿನ್ನಿ ಎಂಬ ವೈದ್ಯರು ಎರಡೂ ತುದಿಗಳನ್ನು ಇಂಗ್ಲಿಷಿನ ‘ಜೆ’ ಅಕ್ಷರದಂತೆ ಬಾಗಿಸಿ ಇದಕ್ಕೆ ಪರಿಹಾರ ಕೊಟ್ಟರು. ಇಂದಿಗೂ ಆಸ್ಪತ್ರೆಗಳಲ್ಲಿ ಇದಕ್ಕೆ ‘ಡಿ.ಜೆ. ಸ್ಟೆಂಟ್’ ಎಂದೇ ಹೆಸರು.

ಸ್ಟೆಂಟ್ ದಾರಿಯನ್ನು ತೆರೆದಿಡುತ್ತದೆ, ಅಷ್ಟೆ. ಮೂಲ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಉರಿ, ಮೂತ್ರದಲ್ಲಿ ತುಸು ರಕ್ತ ಇವು ಸಾಮಾನ್ಯ. ಚಳಿಜ್ವರ ಬಂದರೆ, ರಕ್ತ ಗಟ್ಟಿಗಟ್ಟಿಯಾಗಿ ಹೋದರೆ ಅಥವಾ ಮೂತ್ರ ನಿಂತರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಂದು ಮುಖ್ಯ ಸಂಗತಿಯಿದೆ. ಮೂತ್ರದ ಲವಣಗಳು ಕೊಳವೆಯ ಮೇಲೆ ನಿಧಾನವಾಗಿ ಹರಳುಗಟ್ಟುತ್ತವೆ. ಹಾಗಾಗಿ ಕಲ್ಲು ತೆಗೆದ ಮೇಲೆ ಹಾಕಿದ ಸ್ಟೆಂಟನ್ನು ಸಾಮಾನ್ಯವಾಗಿ ಕೆಲವು ವಾರಗಳೊಳಗೆ ತೆಗೆಯುತ್ತಾರೆ. ಬಹುಕಾಲ ಬೇಕಾದವರಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ಮರೆತರೆ ಅದರ ಮೇಲೆಯೇ ಕಲ್ಲು ಬೆಳೆದು, ಉಳಿಸಲು ಹೊರಟ ಮೂತ್ರಪಿಂಡವನ್ನೇ ಕಳೆದುಕೊಳ್ಳಬೇಕಾದೀತು. ಮರೆಯುವುದೂ ಸುಲಭವೇ! ಮೈಮೇಲೆ ಹೊಲಿಗೆಯ ಗುರುತಿಲ್ಲ, ಹೊರಗೆ ಕೊಳವೆ ಕಾಣುವುದಿಲ್ಲ, ಸುಸ್ತೂ ಕಡಿಮೆಯಾಗಿರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಅಜ್ಜನಿಗೋ ಅಜ್ಜಿಗೋ ಸ್ಟೆಂಟ್ ಹಾಕಿದ್ದರೆ ಆಸ್ಪತ್ರೆಯಿಂದ ಕೊಟ್ಟ ಡಿಸ್ಚಾರ್ಜ್ ಚೀಟಿಯನ್ನು ನೀವೇ ಓದಿ. ಒಂದು ಕಡೆಯೋ ಎರಡೂ ಕಡೆಯೋ, ಹಾಕಿದ್ದು ಯಾವಾಗ, ತೆಗೆಯಬೇಕಾದದ್ದು ಯಾವಾಗ ಎಂದು ನೋಡಿ. ಬರೆದಿರದಿದ್ದರೆ ವೈದ್ಯರನ್ನು ಕೇಳಿ, ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಹಾಕಿ.