ಟಿಕ್ ಟಿಕ್ ಸದ್ದಿನ ವಾರಪತ್ರಿಕೆ

1968ರ ಸೆಪ್ಟೆಂಬರ್ 24, ಮಂಗಳವಾರ ರಾತ್ರಿ ಹತ್ತು ಗಂಟೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಹ್ಯಾರಿ ರೀಸನರ್ ಮತ್ತು ಮೈಕ್ ವ್ಯಾಲೇಸ್ ಎಂಬಿಬ್ಬರು ವರದಿಗಾರರು ಹೊಸದೊಂದು ಕಾರ್ಯಕ್ರಮ ಶುರು ಮಾಡಿದರು. ಮೊದಲಿಗೆ ಕಾಣಿಸಿದ್ದು ಆ ವರ್ಷದ ಅಧ್ಯಕ್ಷೀಯ ಅಭ್ಯರ್ಥಿಗಳಾದ ರಿಚರ್ಡ್ ನಿಕ್ಸನ್ ಮತ್ತು ಹ್ಯೂಬರ್ಟ್ ಹಂಫ್ರಿ. ಭಾಷಣ, ಜೈಕಾರ ಏನೂ ಇಲ್ಲ. ಪಕ್ಷದ ಅಧಿವೇಶನದಲ್ಲಿ ತಮ್ಮ ಹೆಸರು ಅಂತಿಮವಾಗುವ ಹೊತ್ತಿನಲ್ಲಿ ಹೋಟೆಲ್ ಕೋಣೆಯೊಳಗೆ ಆಪ್ತರ ನಡುವೆ ಕೂತು, ನಮ್ಮ ನಿಮ್ಮಂತೆಯೇ ಟಿವಿ ನೋಡುತ್ತಿದ್ದರು. ಅದಾದ ಮೇಲೆ ಅಟಾರ್ನಿ ಜನರಲ್ ರಾಮ್ಸೆ ಕ್ಲಾರ್ಕ್ ಜೊತೆ ಪೊಲೀಸರ ಕುರಿತು ಮಾತುಕತೆ. ಅದು ಮುಗಿಯಿತೋ ಇಲ್ಲವೋ, ಮನುಷ್ಯ ಯಾಕೆ ಹೊಸದನ್ನು ಸೃಷ್ಟಿಸುತ್ತಾನೆ ಎಂದು ಕೇಳುವ ಸಾಲ್ ಬಾಸ್ ಅವರ ಕಿರುಚಿತ್ರದ ಭಾಗಗಳು. ನಡುವೆ ಆರ್ಟ್ ಬುಕ್ವಾಲ್ಡ್ ಅವರ ವಿಡಂಬನೆ.

ಪುರವಣಿಯ ಡೆಸ್ಕಿನಲ್ಲಿ ಕೂತು ಪುಟ ಕಟ್ಟಿದವರಿಗೆ ಈ ಪಟ್ಟಿಯ ಗುರುತು ತಕ್ಷಣ ಸಿಗುತ್ತದೆ. ಮುಖಪುಟಕ್ಕೊಂದು ಗಟ್ಟಿ ಲೇಖನ, ಒಳಗೊಂದು ಸಂದರ್ಶನ, ಮಧ್ಯದ ಪುಟಗಳಲ್ಲಿ ಕಲೆ, ಮೂಲೆಯಲ್ಲಿ ಹಾಸ್ಯ. ಟಿವಿಯೊಳಗೆ ಯಾರೋ ಒಂದು ವಾರಪತ್ರಿಕೆಯನ್ನು ಇಳಿಸಿದ್ದರು. ಅವರು ಡಾನ್ ಹೆವಿಟ್. ಕಾರ್ಯಕ್ರಮದ ಹೆಸರು ‘60 ಮಿನಿಟ್ಸ್’.

ಹೆವಿಟ್ 1922ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಟಿವಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲಕ್ಕೇ ಸಿಬಿಎಸ್ ಸೇರಿದ್ದರು. ಅವರ ತಲೆ ಹೇಗೆ ಓಡುತ್ತಿತ್ತು ಎಂಬುದಕ್ಕೆ ಅವರೇ ಹೇಳಿಕೊಂಡ ಒಂದು ಪ್ರಸಂಗವಿದೆ. 1952ರಲ್ಲಿ ಷಿಕಾಗೊದಲ್ಲಿ ಪಕ್ಷದ ಅಧಿವೇಶನ. ತೆರೆಯ ಮೇಲೆ ಬಂದುಹೋಗುವ ನೂರಾರು ಮುಖಗಳಿಗೆ ಹೆಸರು ಅಂಟಿಸುವುದು ಹೇಗೆಂದು ಚಿಂತಿಸುತ್ತಾ ಒಂದು ಸಣ್ಣ ಹೋಟೆಲಿಗೆ ತಿಂಡಿಗೆ ಹೋದರು. ಗೋಡೆಯ ಮೇಲೆ ತಿಂಡಿಪಟ್ಟಿಯ ಕಪ್ಪು ಹಲಗೆ. ಬಿಳಿ ಅಕ್ಷರಗಳನ್ನು ಬೇಕಾದಂತೆ ಕಿತ್ತು ಜೋಡಿಸಬಹುದಾದಂಥದ್ದು. ಏನು ಕೊಡಲಿ ಎಂದು ಬಂದವಳಿಗೆ ಹೆವಿಟ್ ಆ ಹಲಗೆಯನ್ನೇ ಕೊಡು ಎಂದರಂತೆ. ದುಡ್ಡು ಕೊಟ್ಟು ಅದನ್ನು ಹೊತ್ತು ತಂದರು. ಹಲಗೆಯ ಮೇಲೆ ಹೆಸರು ಜೋಡಿಸಿ, ಒಂದು ಕ್ಯಾಮೆರಾದಿಂದ ಹಿಡಿದು, ಇನ್ನೊಂದು ಕ್ಯಾಮೆರಾದ ಮುಖದ ಮೇಲೆ ಕೂರಿಸಿದರು. ಇಂದು ಯಾವ ವಾಹಿನಿ ಹಾಕಿದರೂ ಮಾತಾಡುವವರ ಎದೆಯ ಕೆಳಗೆ ಹೆಸರಿನ ಪಟ್ಟಿ ಇದ್ದೇ ಇರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಆ ತಿಂಡಿಪಟ್ಟಿಯ ಹಲಗೆ ನೆನಪಾಗುತ್ತದೆ.

ಪತ್ರಕರ್ತ ಎಡ್ವರ್ಡ್ ಮರೋ ಅವರ ‘ಸೀ ಇಟ್ ನೌ’ ಕಾರ್ಯಕ್ರಮವನ್ನು ನಿರ್ದೇಶಿಸಿದವರು ಹೆವಿಟ್. 1960ರಲ್ಲಿ ಕೆನಡಿ ಮತ್ತು ನಿಕ್ಸನ್ ನಡುವಿನ ಮೊದಲ ಟಿವಿ ಚರ್ಚೆಯ ನಿರ್ದೇಶನವೂ ಅವರದೇ. ಇಷ್ಟಾದರೂ ಅರವತ್ತರ ದಶಕದ ಮಧ್ಯದಲ್ಲಿ ಸಿಬಿಎಸ್ ಸುದ್ದಿ ವಿಭಾಗದ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ, ಹೆವಿಟ್ ಅವರನ್ನು ಸಂಜೆಯ ಸುದ್ದಿಯಿಂದ ಎತ್ತಿ ಸಾಕ್ಷ್ಯಚಿತ್ರ ವಿಭಾಗಕ್ಕೆ ಹಾಕಿದರು. ಹೆವಿಟ್ ಪಾಲಿಗೆ ಅದು ಮೂಲೆಗೆ ತಳ್ಳಿದಂತೆಯೇ. ಒಂದೇ ವಿಷಯವನ್ನು ಒಂದು ತಾಸು ಹಿಂಜುವ ಚಿತ್ರಗಳು ಅಲ್ಲಿ ತಯಾರಾಗುತ್ತಿದ್ದವು. ಎಲ್ಲರೂ ಹೊಗಳುತ್ತಿದ್ದರು, ನೋಡುವವರು ಮಾತ್ರ ಕಡಿಮೆ. ಆ ಬೇಸರದಲ್ಲೇ ಅವರಿಗೆ ‘ಲೈಫ್’ ಪತ್ರಿಕೆ ಹೊಳೆಯಿತು. ಒಂದು ಸಂಚಿಕೆಯೊಳಗೆ ಯುದ್ಧವೂ ಇರುತ್ತದೆ, ಸಿನಿಮಾ ನಟಿಯೂ ಇರುತ್ತಾಳೆ. ಓದುವವರಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ. ಟಿವಿಯಲ್ಲೇಕೆ ಆಗಬಾರದು? ಮರೋ ಅವರೇ ಒಂದು ಕಡೆ ಸೆನೆಟರ್ ಮೆಕಾರ್ಥಿಯನ್ನು ಎದುರು ಹಾಕಿಕೊಂಡ ‘ಸೀ ಇಟ್ ನೌ’, ಇನ್ನೊಂದು ಕಡೆ ಗಣ್ಯರ ಮನೆಯೊಳಗೆ ಹರಟುವ ‘ಪರ್ಸನ್ ಟು ಪರ್ಸನ್’ ಎರಡನ್ನೂ ನಡೆಸಿದ್ದರು. ಎರಡನ್ನೂ ಒಂದೇ ತಾಸಿನಲ್ಲಿ ಹೊಂದಿಸುವುದು ಹೆವಿಟ್ ಅವರ ಯೋಚನೆ.

ಹೊಂದಿಸಲು ಅವರ ಕೈಲಿದ್ದದ್ದು ಒಂದೇ ಸೂತ್ರ: ಕಥೆ ಹೇಳು. ವಿಷಯ ಬೇರೆ, ಕಥೆ ಬೇರೆ ಎನ್ನುತ್ತಿದ್ದರು ಅವರು. ಬೈಬಲ್ ಬರೆದವರಿಗೂ ಅದು ಗೊತ್ತಿತ್ತು, ಲೋಕದಲ್ಲಿ ಕೇಡು ಹೆಚ್ಚಿತೆಂಬುದು ವಿಷಯ, ನೋಹನ ನಾವೆ ಕಥೆ ಎಂಬುದು ಅವರ ಮೆಚ್ಚಿನ ಉದಾಹರಣೆ. ಚಿತ್ರಕ್ಕಿಂತ ಮಾತು ಮುಖ್ಯ, ಕಣ್ಣಿಗಿಂತ ಕಿವಿಯೇ ಜನರನ್ನು ಟಿವಿ ಮುಂದೆ ಕೂರಿಸುತ್ತದೆ ಎಂದು ಬಲವಾಗಿ ನಂಬಿದ್ದರು. ಈ ಕಾರ್ಯಕ್ರಮಕ್ಕೆ ಶೀರ್ಷಿಕೆ ಸಂಗೀತವೇ ಇಲ್ಲ. ಸ್ಟಾಪ್‌ವಾಚಿನ ಟಿಕ್ ಟಿಕ್ ಅಷ್ಟೇ. ವರದಿಗಾರರ ಹಿಂದೆ ಪತ್ರಿಕೆಯ ಪುಟದಂತೆ ಕಾಣುವ ಪರದೆ, ಅದರ ಮೇಲೆ ಆ ಕಥೆಯ ತಲೆಬರಹ.

ಶುರುವಿನ ವರ್ಷಗಳಲ್ಲಿ ಜನ ಸೇರಲಿಲ್ಲ. ವಾರ ಬಿಟ್ಟು ವಾರ ಬರುತ್ತಿತ್ತು, ದಿನ, ಹೊತ್ತು ಬದಲಾಗುತ್ತಲೇ ಇತ್ತು. 1975ರ ಡಿಸೆಂಬರಿನಲ್ಲಿ ಭಾನುವಾರ ಸಂಜೆ ಏಳಕ್ಕೆ ನೆಲೆ ನಿಂತ ಮೇಲೆ ಅದೃಷ್ಟ ತಿರುಗಿತು. ಆ ಹೊತ್ತಿನಲ್ಲಿ ದೊಡ್ಡ ವಾಹಿನಿಗಳು ಮಕ್ಕಳ ಕಾರ್ಯಕ್ರಮ ಅಥವಾ ಸುದ್ದಿಯಂಥವನ್ನು ಮಾತ್ರ ಹಾಕಬಹುದೆಂಬ ಸರ್ಕಾರಿ ನಿಯಮ ಇದ್ದದ್ದು ದೊಡ್ಡ ಅನುಕೂಲ. ಅದಕ್ಕೂ ಮುಂಚೆ ಅದೇ ವಾಹಿನಿಯಲ್ಲಿ ಫುಟ್‌ಬಾಲ್ ನೋಡುತ್ತಾ ಕೂತವರು ಹಾಗೇ ಕೂತಿರುತ್ತಿದ್ದರು. 1979–80ರ ಸಾಲಿನಲ್ಲಿ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಇದೇ. ಧಾರಾವಾಹಿಗಳನ್ನೆಲ್ಲ ಹಿಂದೆ ಹಾಕಿ ಸುದ್ದಿ ಕಾರ್ಯಕ್ರಮವೊಂದು ಮೊದಲ ಸ್ಥಾನಕ್ಕೆ ಬಂದದ್ದು ಅಲ್ಲಿನ ಟಿವಿಯಲ್ಲಿ ಅದೇ ಮೊದಲು.

ಕೂತವರಿಗೆ ಬಡಿಸಿದ್ದೇನು? ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗೆ ಜಾಗ ಇದ್ದಂತೆ ಇಲ್ಲೂ ಇತ್ತು. 1976ರಲ್ಲಿ ಷಿಕಾಗೊದ ಮೋರ್ಸ್ ಅವೆನ್ಯೂದಲ್ಲಿ ಒಂದು ಬಾಡಿಗೆ ಮಳಿಗೆಯೊಳಗೆ ನಕಲಿ ಕ್ಲಿನಿಕ್ ಹೂಡಿದರು. ಬಡವರ ಸರ್ಕಾರಿ ವೈದ್ಯಕೀಯ ನೆರವಿನ ಹಣದಲ್ಲಿ ಪಾಲು ಕೊಡುತ್ತೇವೆ, ರಕ್ತ ಪರೀಕ್ಷೆ ನಮ್ಮಲ್ಲಿಗೇ ಕಳಿಸಿ ಎಂದು ಲ್ಯಾಬುಗಳ ಮಂದಿ ಒಬ್ಬೊಬ್ಬರಾಗಿ ಬಂದರು. ಒಂದು ಬದಿಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಕ್ಯಾಮೆರಾ ಓಡುತ್ತಿತ್ತು. ಲೆಕ್ಕಾಚಾರ ಕುದುರಿದ ಮೇಲೆ ಒಳಗಿನಿಂದ ಮೈಕ್ ವ್ಯಾಲೇಸ್ ಬಂದು ಎದುರು ನಿಲ್ಲುತ್ತಿದ್ದರು.

ಅದೇ ವ್ಯಾಲೇಸ್ 1977ರಲ್ಲಿ ಪಿಯಾನೊ ವಾದಕ ವ್ಲಾದಿಮಿರ್ ಹೊರೊವಿಟ್ಸ್ ಪಕ್ಕ ಕೂತು, ಒಲ್ಲೆ ಒಲ್ಲೆ ಎನ್ನುತ್ತಿದ್ದ ಆ ಮುದುಕರು ಅಮೆರಿಕದ ಕವಾಯತಿನ ಹಾಡೊಂದನ್ನು ನುಡಿಸುವಂತೆ ಮಾಡಿದರು. 1979ರ ನವೆಂಬರಿನಲ್ಲಿ ಇರಾನಿನ ಕೋಮ್ ನಗರದಲ್ಲಿ ಆಯತೊಲ್ಲಾ ಖೊಮೇನಿ ಎದುರು ನೆಲದ ಮೇಲೆ ಕೂತಿದ್ದವರೂ ಅವರೇ. ಅಮೆರಿಕದ ರಾಯಭಾರ ಕಚೇರಿಯ ಜನ ಆಗಷ್ಟೇ ಒತ್ತೆಯಾಳುಗಳಾಗಿದ್ದರು. ಈಜಿಪ್ಟಿನ ಅಧ್ಯಕ್ಷ ಸಾದತ್ ತಮ್ಮನ್ನು ಹುಚ್ಚನೆಂದಿದ್ದಾರೆ, ಇದು ನನ್ನ ಮಾತಲ್ಲ, ಕ್ಷಮಿಸಿ ಎಂದು ಕೇಳಿದಾಗ ದುಭಾಷಿಯೇ ತಡವರಿಸಿದ.

ನನ್ನ ಮನಸ್ಸಿನಿಂದ ಇಳಿಯದಿರುವುದು ಇವ್ಯಾವುದೂ ಅಲ್ಲ, 1975ರ ಡಿಸೆಂಬರಿನ ಕ್ಲಿಂಟ್ ಹಿಲ್ ಸಂದರ್ಶನ. ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ತಗುಲಿದಾಗ ಓಡಿಬಂದು ಕಾರಿನ ಹಿಂಬದಿ ಹತ್ತಿದ ಅಂಗರಕ್ಷಕ ಅವರು. ಹನ್ನೆರಡು ವರ್ಷ ಒಳಗೇ ಇಟ್ಟುಕೊಂಡದ್ದು ಕ್ಯಾಮೆರಾ ಮುಂದೆ ಒಡೆಯಿತು. ಅರ್ಧ ಸೆಕೆಂಡ್ ಮುಂಚೆ ಹೆಜ್ಜೆ ಇಟ್ಟಿದ್ದರೆ ಮೂರನೇ ಗುಂಡು ನನಗೇ ಬೀಳುತ್ತಿತ್ತು, ತಪ್ಪು ನನ್ನದೇ ಎಂದು ಅತ್ತರು. ಎದುರಿಗೆ ಕೂತ ವ್ಯಾಲೇಸ್ ಯಾರ ಬೆವರನ್ನಾದರೂ ಇಳಿಸುವವರೆಂದು ಹೆಸರಾದವರು. ಅಂದು ಅವರ ದನಿಯೇ ಇಳಿದಿತ್ತು. ಎಷ್ಟು ವರ್ಷ ಕಳೆದರೂ ಆ ಮುಖವನ್ನು ನೋಡುವುದು ಸುಲಭವಲ್ಲ.

ಕಥೆಯೊಂದು ಜೈಲಿನ ಬಾಗಿಲು ತೆರೆದದ್ದೂ ಉಂಟು. ಟೆಕ್ಸಾಸಿನಲ್ಲಿ ಲೆನೆಲ್ ಗೀಟರ್ ಎಂಬ ಕಪ್ಪು ವರ್ಣದ ಯುವ ಎಂಜಿನಿಯರಿಗೆ ಹೋಟೆಲೊಂದರಿಂದ 615 ಡಾಲರ್ ದೋಚಿದನೆಂದು ಜೀವಾವಧಿ ಶಿಕ್ಷೆಯಾಗಿತ್ತು. ಆ ಹೊತ್ತಿಗೆ ಆತ ನಮ್ಮ ಜೊತೆ ಕೆಲಸದಲ್ಲಿದ್ದ ಎಂದು ಸಹೋದ್ಯೋಗಿಗಳು ಹೇಳುತ್ತಲೇ ಇದ್ದರು. ಪತ್ರಿಕೆಗಳು ಬರೆದಿದ್ದವು, ಸಂಘಟನೆಗಳು ದನಿ ಎತ್ತಿದ್ದವು. 1983ರ ಡಿಸೆಂಬರಿನಲ್ಲಿ ವರದಿಗಾರ ಮೋರ್ಲಿ ಸೇಫರ್ ಆ ಕಥೆಯನ್ನು ಭಾನುವಾರದ ಸಂಜೆ ಕೋಟ್ಯಂತರ ಜನರ ಮುಂದಿಟ್ಟರು. ಕೆಲವೇ ದಿನಗಳಲ್ಲಿ ಗೀಟರ್ ಹೊರಗೆ ಬಂದ. ಮರುವರ್ಷ ಆರೋಪವನ್ನೇ ಕೈಬಿಟ್ಟರು. ಇದೇ ಸೇಫರ್ 1991ರಲ್ಲಿ, ಫ್ರೆಂಚರು ಅಷ್ಟು ಬೆಣ್ಣೆ ತಿಂದೂ ಹೃದಯರೋಗಕ್ಕೆ ಸಿಗುವುದು ಕಡಿಮೆ ಏಕೆಂದು ಕೇಳಿ ಕೆಂಪು ವೈನ್ ಕಡೆ ಬೊಟ್ಟು ಮಾಡಿದರು. ಅಮೆರಿಕದ ಅಂಗಡಿಗಳಲ್ಲಿ ಅದರ ಮಾರಾಟ ಏರಿಬಿಟ್ಟಿತು. ಆಮೇಲಿನ ವಿಜ್ಞಾನ ಆ ನಂಬಿಕೆಗೆ ಬೆಂಬಲ ಕೊಡಲಿಲ್ಲ.

ಕೊನೆಯ ಪುಟ ಆಂಡಿ ರೂನಿ ಅವರದು. 1978ರಿಂದ 2011ರವರೆಗೆ 1,097 ಪ್ರಬಂಧಗಳು, ಒಂದೊಂದೂ ಕೆಲವೇ ನಿಮಿಷದ್ದು. ಮೇಜಿನ ಡ್ರಾಯರಿನಲ್ಲಿ ಕೂಡಿಬಿದ್ದ ಸಾಮಾನು, ಮಾತ್ರೆ ಬಾಟಲಿಯೊಳಗೆ ತುರುಕುವ ಹತ್ತಿ, ಇಂಥವೇ. ಹಿಂದಿನ ಪುಟದಿಂದ ವಾರಪತ್ರಿಕೆ ಓದಲು ಶುರು ಮಾಡುವವರು ನಮ್ಮ ಮನೆಗಳಲ್ಲಿ ಇಲ್ಲವೇ? ಆ ಜಾತಿಯ ವೀಕ್ಷಕರು ಅವರಿಗಾಗಿ ಕಾದು, ನಡುವೆ ಲಂಚದ ಲ್ಯಾಬುಗಳನ್ನೂ ನೋಡುತ್ತಿದ್ದರು. ಈ ಕಾರ್ಯಕ್ರಮದ ಹರವು ಬರೀ ಅಲಂಕಾರವಾಗಿರಲಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಹೊರೊವಿಟ್ಸ್ ಕೇಳಲು ಬಂದವರೇ ಗೀಟರನ ಕಥೆಗೂ ಕಿವಿಯಾದರು.

2003ರ ಜನವರಿಯಲ್ಲಿ ಈ ಹರವಿನೊಳಗೆ ನಮ್ಮವರೂ ಬಂದರು. ವರದಿಗಾರ್ತಿ ಲೆಸ್ಲಿ ಸ್ಟಾಲ್ ಐಐಟಿಗಳ ಬಗ್ಗೆ ಮಾಡಿದ ವರದಿಯಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿ ಮಾತಾಡಿದ್ದರು. ತಮ್ಮ ಮಗ ಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಬೇಕೆಂದಿದ್ದ, ಸೀಟು ಸಿಗದೆ ಅಮೆರಿಕದ ಕಾರ್ನೆಲ್‌ಗೆ ಹೋದ ಎಂದರು. ಕಾರ್ನೆಲ್ ಎಂದರೆ ದೊಡ್ಡದೆಂದು ತಿಳಿದ ಅಮೆರಿಕನ್ನರಿಗೆ ಅದು ಅಚ್ಚರಿ. ಪಿಯುಸಿ ಮುಗಿಸಿದ ಮೂರ್ತಿಯವರಿಗೆ ಐಐಟಿ ಪ್ರವೇಶ ಸಿಕ್ಕಿದ್ದರೂ ಮನೆಯಲ್ಲಿ ಹಣವಿಲ್ಲದೆ ಮೈಸೂರಿನ ಎನ್ಐಇ ಸೇರಿದ್ದ ಕಥೆ ಗೊತ್ತಿರುವ ಕನ್ನಡಿಗರಿಗೆ ಆ ಒಂದು ಮಾತಿನಲ್ಲಿ ಎರಡು ತಲೆಮಾರು ಕಾಣುತ್ತದೆ. ಇಂಥ ಟಿವಿ ವಾರಪತ್ರಿಕೆಯ ರುಚಿ ಭಾರತಕ್ಕೆ ಹತ್ತಿದ್ದು ಮಾತ್ರ ಅದಕ್ಕೂ ಮೊದಲು, 1988ರಲ್ಲಿ ದೂರದರ್ಶನದಲ್ಲಿ ಪ್ರಣಯ್ ರಾಯ್ ‘ದಿ ವರ್ಲ್ಡ್ ದಿಸ್ ವೀಕ್’ ಶುರು ಮಾಡಿದಾಗ.

ಎಡವಿದ್ದೂ ಇದೆ, ಸಣ್ಣದಾಗಿ ಅಲ್ಲ. 1986ರಲ್ಲಿ ಆಡಿ 5000 ಕಾರು ತಾನೇ ತಾನಾಗಿ ನುಗ್ಗುತ್ತದೆಂದು ತೋರಿಸಿದರು. ತೋರಿಸಲು ಬಳಸಿದ ಕಾರಿನ ಗೇರ್‌ಬಾಕ್ಸಿಗೆ ತೂತು ಕೊರೆದಿದ್ದರೆಂಬುದು ಆಮೇಲೆ ಬಯಲಾಯಿತು. ಚಾಲಕರು ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದದ್ದೇ ಅಪಘಾತಗಳಿಗೆ ಮುಖ್ಯ ಕಾರಣ ಎಂದು ಸರ್ಕಾರಿ ತನಿಖೆ 1989ರಲ್ಲಿ ಹೇಳಿತು. ಅಷ್ಟರಲ್ಲಿ ಕಂಪನಿಯ ವ್ಯಾಪಾರ ನೆಲಕಚ್ಚಿತ್ತು. 1985ರಲ್ಲಿ ಅಮೆರಿಕದಲ್ಲಿ 74 ಸಾವಿರ ಕಾರು ಮಾರಿದ್ದ ಆಡಿ 1991ರಲ್ಲಿ ಮಾರಿದ್ದು 12 ಸಾವಿರದ ಆಸುಪಾಸು. ಕಥೆ ಚೆನ್ನಾಗಿ ಹೇಳಬೇಕೆಂಬ ಹಟ ಕಥೆಯನ್ನು ಕಟ್ಟುವ ಆಸೆಯಾಗಲು ಎಷ್ಟು ಹೊತ್ತು?

1995ರದು ಇನ್ನೊಂದು ಬಗೆ. ತಂಬಾಕು ಕಂಪನಿಯ ಸಂಶೋಧನಾ ವಿಭಾಗದಲ್ಲಿ ಉನ್ನತ ಹುದ್ದೆಯಲ್ಲಿದ್ದ ಜೆಫ್ರಿ ವೈಗಂಡ್, ಸಿಗರೇಟು ಚಟ ಹತ್ತಿಸುವ ವಸ್ತು ಎಂದು ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತೆಂದು ವ್ಯಾಲೇಸ್‌ಗೆ ಹೇಳಿದ್ದರು. ಬಾಯಿ ಬಿಡುವುದಿಲ್ಲವೆಂದು ಆತ ಕಂಪನಿಗೆ ಬರೆದುಕೊಟ್ಟಿದ್ದಾರೆ, ನಾವು ಪ್ರಸಾರ ಮಾಡಿದರೆ ಕೋಟಿಗಟ್ಟಲೆ ದಂಡ ತೆರಬೇಕಾದೀತು ಎಂದು ಸಿಬಿಎಸ್ ವಕೀಲರು ಹೆದರಿಸಿದರು. ಹೆವಿಟ್ ತಗ್ಗಿದರು. ನವೆಂಬರಿನಲ್ಲಿ ಬಂದದ್ದು ವೈಗಂಡ್ ಅವರ ಹೆಸರು, ಮುಖ ಎರಡೂ ಇಲ್ಲದ ವರದಿ. ವಾಲ್ ಸ್ಟ್ರೀಟ್ ಜರ್ನಲ್ ಅವರ ಹೇಳಿಕೆಯನ್ನು ಅಚ್ಚು ಮಾಡಿದ ಮೇಲಷ್ಟೇ, 1996ರ ಫೆಬ್ರುವರಿ 4ರಂದು ಪೂರ್ತಿ ಸಂದರ್ಶನ ಪ್ರಸಾರವಾಯಿತು. ಬೇರೆಯವರ ಬಾಗಿಲು ಬಡಿದು ಪ್ರಶ್ನೆ ಕೇಳಿದ ಮನೆ, ಪ್ರಶ್ನೆ ತನ್ನ ಯಜಮಾನರ ತನಕ ಬಂದಾಗ ಬಾಗಿಲು ಹಾಕಿಕೊಂಡಿತು. ಹೆವಿಟ್ ಅವರನ್ನು ಎಷ್ಟೇ ಮೆಚ್ಚಿದರೂ ಇದನ್ನು ಮನ್ನಿಸುವುದು ನನ್ನಿಂದಾಗುವುದಿಲ್ಲ.

ಯಜಮಾನರು ಅಷ್ಟು ಹತ್ತಿರ ಬರಲು ಕಾರಣ ಗೆಲುವೇ. ಅಲ್ಲಿಯತನಕ ವಾಹಿನಿಗಳು ಸುದ್ದಿಯನ್ನು ನಷ್ಟವಾದರೂ ನಡೆಸಬೇಕಾದ ಸಾರ್ವಜನಿಕ ಕರ್ತವ್ಯವೆಂದುಕೊಂಡಿದ್ದವು. ಸುದ್ದಿಯಿಂದಲೂ ಲಾಭ ಬರುತ್ತದೆಂದು ‘60 ಮಿನಿಟ್ಸ್’ ತೋರಿಸಿಕೊಟ್ಟಿತು. ಎಬಿಸಿಯ ‘20/20’, ಎನ್‌ಬಿಸಿಯ ‘ಡೇಟ್‌ಲೈನ್’, ಸಿಬಿಎಸ್‌ನದೇ ‘48 ಅವರ್ಸ್’ ಸಾಲಾಗಿ ಬಂದವು. ಆದರೆ ಅವುಗಳ ಎಲೆ ಬರಬರುತ್ತಾ ಚಿಕ್ಕದಾಯಿತು. ‘ಡೇಟ್‌ಲೈನ್’ ಮತ್ತು ‘48 ಅವರ್ಸ್’ ಇಂದು ಹೆಚ್ಚಾಗಿ ಹೇಳುವುದು ಕೊಲೆಯ ಕಥೆಗಳನ್ನೇ. ಒಂದು ರುಚಿಗೆ ಜನ ಬರುತ್ತಾರೆಂದು ಗೊತ್ತಾದ ಮೇಲೆ ಉಳಿದ ರುಚಿಗಳನ್ನು ಬಡಿಸುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ನಕಲು ಮಾಡಿದವರು ಟಿಕ್ ಟಿಕ್ ಸದ್ದಿನ ಬಿಗುವನ್ನಷ್ಟೇ ತೆಗೆದುಕೊಂಡರು. ಹೊರೊವಿಟ್ಸ್ ಮತ್ತು ಮಾತ್ರೆ ಬಾಟಲಿಯ ಹತ್ತಿಯನ್ನು ಬಿಟ್ಟುಬಂದರು.

ಹೆವಿಟ್ 2004ರಲ್ಲಿ ಕುರ್ಚಿ ಬಿಟ್ಟರು, 2009ರಲ್ಲಿ ತೀರಿಕೊಂಡರು. ಕಾರ್ಯಕ್ರಮ ಇವತ್ತಿಗೂ ಭಾನುವಾರ ಸಂಜೆ ಬರುತ್ತಿದೆ. 2024ರ ಚುನಾವಣೆಗೆ ಮುಂಚಿನ ಕಮಲಾ ಹ್ಯಾರಿಸ್ ಸಂದರ್ಶನವನ್ನು ತಿರುಚಿದ್ದಾರೆಂದು ಡೊನಾಲ್ಡ್ ಟ್ರಂಪ್ ಮೊಕದ್ದಮೆ ಹೂಡಿದರು. ಮಾಲೀಕ ಸಂಸ್ಥೆ ಪ್ಯಾರಾಮೌಂಟ್ 2025ರ ಜುಲೈನಲ್ಲಿ 1.6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದಕ್ಕೂ ಮುಂಚೆಯೇ, ಏಪ್ರಿಲ್‌ನಲ್ಲಿ, ಕಾರ್ಯಕ್ರಮದ ಮುಖ್ಯ ನಿರ್ಮಾಪಕ ಬಿಲ್ ಓವೆನ್ಸ್ ಸ್ವತಂತ್ರವಾಗಿ ನಿರ್ಧರಿಸಲು ತಮಗೆ ಆಗುತ್ತಿಲ್ಲವೆಂದು ರಾಜೀನಾಮೆ ಕೊಟ್ಟಿದ್ದರು. ರಾಜೀನಾಮೆಯ ನಂತರದ ಭಾನುವಾರ ಎಲ್ಲ ಕಥೆಗಳೂ ಮುಗಿದು, ಹಿಂದೆ ಆಂಡಿ ರೂನಿ ಮೇಜಿನ ಮುಂದೆ ಕೂತು ಮಾತಾಡುತ್ತಿದ್ದ ಆ ಕೊನೆಯ ನಿಮಿಷಗಳಿಗೆ ವರದಿಗಾರ ಸ್ಕಾಟ್ ಪೆಲ್ಲಿ ಬಂದರು. ಓವೆನ್ಸ್ ಯಾಕೆ ಹೋದರು, ಮಾಲೀಕರು ನಮ್ಮ ವರದಿಗಳ ಮೇಲೆ ಹೇಗೆ ಕಣ್ಣಿಡತೊಡಗಿದ್ದಾರೆ ಎಂಬುದನ್ನು ನೋಡುಗರಿಗೆ ನೇರವಾಗಿ ಹೇಳಿದರು.