ಒಡನಾಟ ಹುಟ್ಟುವ ಬಗೆ: ಕಂಪನಿಯ ಪ್ರವಾಸ ಮತ್ತು ವಾರಿಯ ದಿಂಡಿ

ಪುಣೆ, ಬೆಂಗಳೂರು, ಹೈದರಾಬಾದುಗಳ ಅನೇಕ ಕಂಪನಿಗಳು ತಮ್ಮ ನೌಕರರನ್ನು ಆಗಾಗ ಒಂದೆರಡು ದಿನಗಳ ಮಟ್ಟಿಗೆ ಊರಾಚೆ ಕರೆದೊಯ್ಯುವುದು ಈಗ ರೂಢಿಯಾಗಿದೆ. ಪುಣೆಯವರು ಲೋಣಾವಳಾಕ್ಕೋ ಮಹಾಬಳೇಶ್ವರಕ್ಕೋ ಹೋಗುತ್ತಾರೆ; ಬೆಂಗಳೂರಿನವರು ಸಕಲೇಶಪುರ, ಚಿಕ್ಕಮಗಳೂರು, ಕೊಡಗುಗಳತ್ತ ಹೊರಡುತ್ತಾರೆ. ಒಂದೇ ಬಣ್ಣದ ಅಂಗಿ, ಬಸ್ಸಿನಲ್ಲಿ ಅಂತ್ಯಾಕ್ಷರಿ, ರಿಸಾರ್ಟಿನ ಅಂಗಳದಲ್ಲಿ ಹಗ್ಗ ಜಗ್ಗಾಟ, ರಾತ್ರಿ ಬೆಂಕಿಯ ಸುತ್ತ ಹಾಡು. ಇದನ್ನು ‘ಟೀಮ್ ಔಟಿಂಗ್’ ಎನ್ನುತ್ತಾರೆ. ಮರಾಠಿಯಲ್ಲಿ ‘ಸಹಲ್’ ಎಂದುಬಿಡಬಹುದು, ಆದರೆ ಆ ಮಾತು ಶಾಲೆಯ ಮಕ್ಕಳ ಪ್ರವಾಸವನ್ನೇ ನೆನಪಿಗೆ ತರುತ್ತದೆ. ಕನ್ನಡದಲ್ಲಿ ಪ್ರವಾಸಕ್ಕಿಂತ ಅದರಿಂದ ಬಯಸುವ ಫಲವನ್ನು ಸೂಚಿಸುವ ಒಳ್ಳೆಯ ಪದವೊಂದಿದೆ: ಒಡನಾಟ. ‘ಒಡನೆ’ ಮತ್ತು ‘ಆಟ’ ಇದರಲ್ಲಿ ಕೂಡಿವೆ. ಇಲ್ಲಿಯ ‘ಆಡು’ ಧಾತು ಕ್ರೀಡೆಗಷ್ಟೇ ಸೀಮಿತವಲ್ಲ. ಮಾತಾಡು, ಓಡಾಡು, ಸುಳಿದಾಡು ಎಂಬಲ್ಲೆಲ್ಲ ಅದು ಇದೆ. ಜೊತೆಯಲ್ಲಿ ಸುಳಿದಾಡಿ, ಮಾತಾಡಿ ಬೆಳೆಯುವ ನಂಟು ಒಡನಾಟ. ಕಂಪನಿಗಳು ಹಣ ವೆಚ್ಚಮಾಡಿ ಬಯಸುವುದು ಇದನ್ನೇ.

ದಿನಕ್ಕೆ ಎಂಟೊಂಬತ್ತು ಗಂಟೆ ಒಂದೇ ಸೂರಿನಡಿ ಇರುವವರಲ್ಲಿ ಅದು ತಾನಾಗಿ ಏಕೆ ಬೆಳೆಯುವುದಿಲ್ಲ? ಕಚೇರಿಯಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಕಾಣಿಸುವುದು ಕೆಲಸದ ಕಿಂಡಿಯಿಂದ. ಒಬ್ಬರು ಬಿಲ್ಲು ಪಾಸು ಮಾಡುವವರು, ಇನ್ನೊಬ್ಬರು ರಜೆ ಮಂಜೂರು ಮಾಡುವವರು, ಮತ್ತೊಬ್ಬರು ತಪ್ಪು ಹುಡುಕುವವರು. ಅಲ್ಲಿ ‘ನನಗೆ ಗೊತ್ತಿಲ್ಲ, ತೋರಿಸಿಕೊಡಿ’ ಎಂದು ಕೇಳುವುದು ಎಷ್ಟೋ ಜನರಿಗೆ ಮಾನದ ಪ್ರಶ್ನೆ. ಊರಾಚೆ ಈ ಕಟ್ಟು ಸಡಿಲಾಗುತ್ತದೆ. ಗುಡ್ಡ ಹತ್ತುವಾಗ ಹಿರಿಯ ಅಧಿಕಾರಿಗೆ ಏದುಸಿರು ಬರುತ್ತದೆ. ನಿನ್ನೆ ಮೊನ್ನೆ ಸೇರಿದ ಹುಡುಗಿ ನೀರಿನ ಬಾಟಲಿ ಹಿಡಿದು ಅವರಿಗಾಗಿ ಕಾಯುತ್ತಾಳೆ. ಅಕ್ಕಲಕೋಟೆಯಿಂದಲೋ ಜತ್ತದಿಂದಲೋ ಪುಣೆಗೆ ಹೋಗಿ, ಸಭೆಗಳಲ್ಲಿ ಇಂಗ್ಲಿಷಿಗೆ ಅಂಜಿ ಮೌನವಾಗಿದ್ದ ಹುಡುಗ ಬಸ್ಸಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಹಾಡಿ ಎಲ್ಲರ ಗಮನ ಸೆಳೆಯುತ್ತಾನೆ. ಒಮ್ಮೆ ಹೀಗೆ ಕಂಡವರನ್ನು ಮುಂದೆ ಕೆಲಸದಲ್ಲಿ ಸಹಾಯ ಕೇಳುವುದು ಸುಲಭವಾಗುತ್ತದೆ. ಹೊರಸಂಚಾರದ ಲಾಭವೆಲ್ಲ ಈ ಸಣ್ಣ ಸಂಗತಿಯಲ್ಲಿದೆ.

ಆದರೆ ಜನರನ್ನು ಒಂದೆಡೆ ಸೇರಿಸಿದ ಮಾತ್ರಕ್ಕೆ ಇದು ಆಗಿಬಿಡುತ್ತದೆಯೆಂದು ತಿಳಿಯಬಾರದು. ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವಿಜ್ಞಾನಿ ಮುಜಫರ್ ಶೆರೀಫ್ 1954ರ ಬೇಸಿಗೆಯಲ್ಲಿ ಓಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ ಒಂದು ಶಿಬಿರ ನಡೆಸಿದರು. ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರನ್ನು ಎರಡು ತಂಡಗಳಾಗಿ ವಿಂಗಡಿಸಿ, ಅವರ ನಡುವೆ ಪಂದ್ಯಗಳನ್ನು ಏರ್ಪಡಿಸಿದರು. ಕೆಲವೇ ದಿನಗಳಲ್ಲಿ ವೈರ ಬೆಳೆಯಿತು. ಒಂದು ತಂಡ ಇನ್ನೊಂದರ ಬಾವುಟವನ್ನು ಸುಟ್ಟಿತು. ಬಳಿಕ ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಿನಿಸುಗಳನ್ನೇ ಎರಚಾಡಿದರು. ಅವರನ್ನು ಹತ್ತಿರ ತಂದದ್ದು ಹಂಚಿಕೊಂಡ ತೊಂದರೆ. ಶಿಬಿರಕ್ಕೆ ನೀರು ನಿಂತುಹೋಯಿತು, ಎಲ್ಲರೂ ಸೇರಿ ಅದರ ಕಾರಣ ಹುಡುಕಬೇಕಾಯಿತು. ಊಟ ತರಬೇಕಾದ ಟ್ರಕ್ಕು ಕೆಟ್ಟು ನಿಂತಿತು. ಹಿಂದೆ ಪರಸ್ಪರರ ವಿರುದ್ಧ ಜಗ್ಗಿದ್ದ ಅದೇ ಹಗ್ಗವನ್ನು ಟ್ರಕ್ಕಿಗೆ ಕಟ್ಟಿ ಎರಡೂ ತಂಡದವರು ಕೂಡಿ ಎಳೆದರು. ಆ ತೊಂದರೆಗಳನ್ನು ಒಡ್ಡಿದವರು ಸಂಶೋಧಕರೇ ಎಂಬುದು ನಿಜ. ಮಕ್ಕಳ ವರ್ತನೆಯಿಂದ ದೊಡ್ಡವರ ಬಗ್ಗೆ ತೀರ್ಮಾನ ಮಾಡುವಾಗ ಎಚ್ಚರವೂ ಬೇಕು. ಆದರೂ ರಿಸಾರ್ಟುಗಳಲ್ಲಿ ಲೆಕ್ಕಪತ್ರ ವಿಭಾಗಕ್ಕೂ ಮಾರಾಟ ವಿಭಾಗಕ್ಕೂ ಹಗ್ಗ ಜಗ್ಗಾಟ ಇಡುವವರು ಇದನ್ನು ಒಮ್ಮೆ ಓದಿದ್ದರೆ ಚೆನ್ನಾಗಿತ್ತು.

ಹಂಚಿಕೊಂಡ ತೊಂದರೆಯ ದೊಡ್ಡ ಪಾಠಶಾಲೆ ಸೊಲ್ಲಾಪುರ ಜಿಲ್ಲೆಯವರ ಕಣ್ಣೆದುರಿಗೇ ಇದೆ. ಪ್ರತಿ ವರ್ಷ ಆಷಾಢಿ ಏಕಾದಶಿಗೆ ಮುನ್ನ ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ ಪಂಢರಪುರದತ್ತ ಹೊರಡುತ್ತವೆ. ಲಕ್ಷಾಂತರ ಜನ ನಡೆಯುವ ಈ ವಾರಿಯಲ್ಲಿ ಯಾರೂ ಬರಿಯ ಗುಂಪಾಗಿ ನಡೆಯುವುದಿಲ್ಲ. ಜನ ದಿಂಡಿಗಳಲ್ಲಿ ಹಂಚಿಕೊಂಡಿರುತ್ತಾರೆ. ರಥದ ಮುಂದೆ ಹಿಂದೆ ಪ್ರತಿ ದಿಂಡಿಗೂ ಅದರದೇ ಸಂಖ್ಯೆ, ಅದರದೇ ಸ್ಥಾನ. ವೀಣೆ ಹಿಡಿದವರು, ಮೃದಂಗದವರು, ತಾಳದವರು, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು. ಗಂಟುಮೂಟೆಯ ಲಾರಿ ಮುಂದಿನ ಬೀಡಿಗೆ ಹೋಗಿ, ಅಲ್ಲಿ ಡೇರೆ ಎದ್ದು, ಅಡುಗೆ ಆಗಬೇಕು. ಮಳೆ ಬಂದರೆ ಎಲ್ಲರೂ ನೆನೆಯುತ್ತಾರೆ. ಎರಡೂವರೆ ವಾರದಷ್ಟು ಕಾಲ ಹೀಗೆ ನಡೆದವರು ಪರಸ್ಪರ ‘ಮಾವುಲಿ’, ಅಂದರೆ ತಾಯಿ ಎಂದು ಕರೆದುಕೊಂಡು, ಹಿರಿಯರು ಕಿರಿಯರೆನ್ನದೆ ಒಬ್ಬರ ಕಾಲಿಗೊಬ್ಬರು ಎರಗುತ್ತಾರೆ. ಪುಣೆಯ ಸಾಫ್ಟ್‌ವೇರ್ ನೌಕರರು ‘ಐಟಿ ದಿಂಡಿ’ ಎಂದು ಕೂಡಿಕೊಂಡು ಈ ದಾರಿಯ ಕೆಲವು ಹಂತಗಳನ್ನು ನಡೆಯುವುದೂ ಉಂಟು. ವಾರಿಯ ಗುರಿ ವಿಠ್ಠಲ. ಒಡನಾಟ ಅದರ ಜೊತೆಗೆ ಬಂದ ಫಲ. ಗುರಿಯೇ ಇಲ್ಲದೆ ಒಡನಾಟವನ್ನಷ್ಟೇ ಬೇಡುವ ಕಂಪನಿಯ ಪ್ರವಾಸಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಆದರೆ ದಿಂಡಿಯ ಒಳಗೂ ಬಿರುಕು ಇರಬಲ್ಲದೆಂದು ಕಂಡು ಬರೆದವರು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ. ‘ಯುಗಾಂತ’ದ ಲೇಖಕಿಯೆಂದು ಕನ್ನಡಿಗರಿಗೂ ಪರಿಚಿತರು. ವಾರಿಯ ಅನುಭವವನ್ನು ಕುರಿತ ಅವರ ಮರಾಠಿ ಪ್ರಬಂಧ ‘ವಾಟಚಾಲ’. ಅದರ ಇಂಗ್ಲಿಷ್ ರೂಪ 1962ರಲ್ಲಿ ಪ್ರಕಟವಾಯಿತು. ಅವರು ನಡೆದ ದಿಂಡಿಯಲ್ಲಿ ಬ್ರಾಹ್ಮಣರೂ ಮರಾಠರೂ ಇದ್ದರು. ದಿನವಿಡೀ ಒಂದೇ ಅಭಂಗಗಳನ್ನು ಹಾಡಿದವರು ಊಟದ ಹೊತ್ತಿಗೆ ಬೇರೆಯಾಗುತ್ತಿದ್ದರು. ಇದರಿಂದ ನೊಂದ ಕರ್ವೆ ಮರಾಠ ಹೆಂಗಸರೊಡನೆ ಊಟ ಮಾಡಿದರು. ಆಮೇಲೆ ಆ ಹೆಂಗಸರು ಕೈ ಹಿಡಿದು ನಡೆದರು, ಮನೆಯ ಸುಖದುಃಖ ಹೇಳಿಕೊಂಡರು, ‘ತಾಯಿ’ ಎಂದು ಕರೆದರು. ಮರಾಠಿಯಲ್ಲಿ ಅದು ಅಕ್ಕ. ಪುಣೆಗೆ ಬಂದು ಕಾಣುತ್ತೇವೆಂದೂ ಹೇಳಿದರು. ಆಗ ಒಬ್ಬ ಹುಡುಗಿ, ಅಲ್ಲಿಯೂ ನಮ್ಮೊಡನೆ ಹೀಗೆಯೇ ಇರುತ್ತೀರಾ ಎಂದು ಕೇಳಿಬಿಟ್ಟಳು. ಆ ಪ್ರಶ್ನೆ ತಮ್ಮ ಮನಸ್ಸಿಗೆ ನಾಟಿತೆಂದು ಕರ್ವೆ ಬರೆದಿದ್ದಾರೆ.

ಪ್ರವಾಸ ಮುಗಿಸಿ ಸೋಮವಾರ ಕಚೇರಿಗೆ ಮರಳುವ ಪ್ರತಿ ತಂಡಕ್ಕೂ ಎದುರಾಗುವ ಪ್ರಶ್ನೆ ಅದೇ. ಪಂಕ್ತಿಭೇದದ ಹೊಸ ರೂಪಗಳೂ ಕಡಿಮೆಯಿಲ್ಲ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಗುತ್ತಿಗೆ ನೌಕರನ ಹೆಸರು ಹಲವೆಡೆ ಪ್ರವಾಸದ ಪಟ್ಟಿಯಲ್ಲಿ ಇರುವುದೇ ಇಲ್ಲ. ಕಸ ಗುಡಿಸುವವರ ಮಾತಂತೂ ದೂರ. ಚಿಕ್ಕ ಮಕ್ಕಳಿರುವ ತಾಯಂದಿರು ರಾತ್ರಿ ತಂಗಲಾರರು. ವಾರದ ರಜೆಯನ್ನೇ ಪ್ರವಾಸಕ್ಕೆ ಬಳಸಿದರೆ ನೌಕರರಿಗೆ ಅದು ಬಿಡುವಲ್ಲ, ಏಳನೆಯ ದಿನದ ಕೆಲಸ. ಬಸ್ಸು ಹತ್ತದವರ ಪಾಲಿಗೆ ಅಂಥ ಪ್ರವಾಸ ಬಾಂಧವ್ಯವನ್ನು ಬೆಸೆಯುವುದಿಲ್ಲ, ಅಂತರವನ್ನು ಎತ್ತಿ ತೋರಿಸುತ್ತದೆ.

ಕೆಲವು ಕಂಪನಿಗಳು ಪ್ರವಾಸದ ಕೊನೆಯ ದಿನ ಮುಕ್ತ ಮಾತುಕತೆ ಇಟ್ಟುಕೊಳ್ಳುತ್ತವೆ. ಮೇಲಿನವರು ಕೇಳುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಹಾಳೆ ಚೀಲದಲ್ಲಿಯೇ ಉಳಿಯುತ್ತದೆ. ಈ ವಿಷಯದಲ್ಲಿ ವಾರಿಯ ಪದ್ಧತಿ ಹೆಚ್ಚು ಪಳಗಿದ್ದು. ಸಂಜೆ ಪಲ್ಲಕ್ಕಿ ಬೀಡಿಗೆ ಬಂದಾಗ ಎಲ್ಲ ದಿಂಡಿಗಳೂ ಸಮಾಜ ಆರತಿಗೆ ಸುತ್ತ ನಿಲ್ಲುತ್ತವೆ. ಚೋಪದಾರ ಬೆಳ್ಳಿಯ ಕೋಲು ಎತ್ತಿದೊಡನೆ ಸಾವಿರಾರು ತಾಳಗಳು ಒಮ್ಮೆಲೇ ನಿಲ್ಲುತ್ತವೆ. ದೂರು ಇರುವ ದಿಂಡಿ ಮಾತ್ರ ತನ್ನ ತಾಳ ನಿಲ್ಲಿಸುವುದಿಲ್ಲ. ಚೋಪದಾರ ಆ ಸದ್ದಿನ ಜಾಡು ಹಿಡಿದು ಅಲ್ಲಿಗೇ ಹೋಗಿ, ಏನಾಯಿತೆಂದು ಕೇಳುತ್ತಾನೆ.